ಸಾಕಿದ್ದು ಸಾಕು

"ಅಯ್ಯೋ, ಲಿಫ್ಟು ಕೆಟ್ಟಿದೆಯಾ?"

ಆರನೇ ಮಹಡಿಯಲ್ಲಿ ಬಾಗಿಲು ತೆರೆದ ಹೆಂಗಸು ಗಾಬರಿಯಿಂದ ಹೀಗೆ ಕೇಳಿದಾಗ ಗುಂಡನಲ್ಲಿ ಉತ್ತರ ಕೊಡುವಷ್ಟು ಉಸಿರು ಉಳಿದಿರಲಿಲ್ಲ. ಹೆಗಲಲ್ಲಿ ಸಲಕರಣೆಗಳ ಚೀಲ, ಒಂದು ಕೈ ಮೆಟ್ಟಿಲಿನ ಕಂಬಿಯ ಮೇಲೆ, ಇನ್ನೊಂದು ಸೊಂಟದ ಮೇಲೆ. ಅಂಗಿಯ ಜೇಬಿನ ಮೇಲೆ ಲಿಫ್ಟ್ ಕಂಪನಿಯ ಹೆಸರು ಬೇರೆ, ಎಲ್ಲರಿಗೂ ಕಾಣುವ ಹಾಗೆ ದಪ್ಪ ಅಕ್ಷರದಲ್ಲಿ.

"ಇಲ್ಲಮ್ಮ... ಚೆನ್ನಾಗಿದೆ."

"ಮತ್ತೆ ನೀವ್ಯಾಕೆ ಮೆಟ್ಟಿಲು ಹತ್ತಿ ಬರ್ತಿದೀರಿ?"

"ಸುಮ್ನೆ."

ಲಿಫ್ಟ್ ರಿಪೇರಿಯವನು ಸುಮ್ಮನೆ ಮೆಟ್ಟಿಲು ಹತ್ತುತ್ತಾನೆ ಎಂದರೆ ಯಾರು ನಂಬುತ್ತಾರೆ? ಅವನು ತಾರಸಿಯ ಮೇಲಿನ ಮಷೀನ್ ಕೋಣೆ ತಲುಪಿ ಬೀಗ ತೆಗೆಯುವಷ್ಟರಲ್ಲಿ ಸುದ್ದಿ ಇಡೀ ಕಟ್ಟಡಕ್ಕೆ ಹಬ್ಬಿತ್ತು. ತಂತಿಹಗ್ಗ ಸವೆದಿದೆಯಂತೆ, ಕಂಪನಿಯವರು ಬಾಯಿ ಬಿಡುತ್ತಿಲ್ಲವಂತೆ, ರಿಪೇರಿಯವನೇ ಹೆದರಿ ನಡೆದುಕೊಂಡು ಹೋಗುತ್ತಿದ್ದಾನಂತೆ. ವರ್ಷಾಂತ್ಯದ ರಜೆಗೆಂದು ಬಂದಿದ್ದ ನೆಂಟರಿಷ್ಟರು ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿಯತೊಡಗಿದರು. ಮಂಡಿನೋವಿನ ಅಜ್ಜ ಒಬ್ಬರು ಮೂರನೇ ಮಹಡಿಯಲ್ಲಿ ಕುಸಿದು ಕೂತು ಕಂಪನಿಗೇ ಫೋನು ಹಚ್ಚಿದರು. ಸ್ವಲ್ಪ ಹೊತ್ತಿಗೆ ಮ್ಯಾನೇಜರರ ಕರೆ ಬಂತು.

"ಏನಯ್ಯಾ ನಿಂದು? ನೀನೇ ಹತ್ತಲ್ಲ ಅಂದ್ರೆ ಜನ ಹೇಗಯ್ಯಾ ಹತ್ತಾರೆ?"

ಕೊನೆಗೆ ಗುಂಡ ಅಜ್ಜನ ಕೈ ಹಿಡಿದು ಲಿಫ್ಟಿನಲ್ಲಿ ಮೇಲಕ್ಕೂ ಕೆಳಕ್ಕೂ ಸವಾರಿ ಮಾಡಿಸಿ ಜನರ ಭಯ ಬಿಡಿಸಬೇಕಾಯಿತು. ಅಜ್ಜ ಖುಷಿಯಾಗಿ ಮನೆಯೊಳಗೆ ಕರೆದು ಒಂದು ದಪ್ಪ ತುಂಡು ಕೇಕು ತಂದು ಮುಂದಿಟ್ಟರು. ಗುಂಡ ಕೇಕನ್ನು ನೋಡಿದ. ಕೇಕೂ ಅವನನ್ನು ನೋಡಿತು. "ಬೇಡ ಅಜ್ಜ, ಹೊಟ್ಟೆ ಸರಿಯಿಲ್ಲ" ಎಂದು ಎದ್ದುಬಿಟ್ಟ. ಒಂದು ಲೆಕ್ಕಕ್ಕೆ ಅದು ಸುಳ್ಳೂ ಅಲ್ಲ.

ಹೊಟ್ಟೆಯೊಳಗೆ, ಬಲಗಡೆ, ಪಕ್ಕೆಲುಬಿನ ಕೆಳಗೆ ಇತ್ತು ತಾಪತ್ರಯ. ಗುಂಡನ ಅಕ್ಕನಿಗೆ ಲಿವರು ಕೈಕೊಟ್ಟಿತ್ತು. ಜನ್ಮದಲ್ಲಿ ಒಂದು ಹನಿ ಕುಡಿದವಳಲ್ಲ, ಹೊಲಿಗೆ ಮಷೀನಿನ ಮುಂದೆ ಕೂತು ಚಹಾ ಕುಡಿದದ್ದೇ ಅವಳ ದೊಡ್ಡ ಚಟ. ಆದರೂ ಕಣ್ಣು ಹಳದಿಯಾಯಿತು, ಕಾಲು ಊದಿತು, ಮಾತಾಡುತ್ತ ಮಾತಾಡುತ್ತ ನಿದ್ದೆ ಬರತೊಡಗಿತು. ಯಾರಾದರೂ ತಮ್ಮ ಲಿವರಿನ ಒಂದು ಭಾಗ ಕೊಡಬೇಕು, ಬೇರೆ ದಾರಿಯಿಲ್ಲ ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿದಾಗ, ಡಾಕ್ಟರ ಮಾತು ಮುಗಿಯುವ ಮೊದಲೇ ಗುಂಡ ಶಾಲೆಯ ಹುಡುಗನ ಹಾಗೆ ಕೈ ಎತ್ತಿದ್ದ. ರಕ್ತ ಹೊಂದಿತು, ಉಳಿದದ್ದೂ ಹೊಂದಿತು. ಸ್ಕ್ಯಾನು ನೋಡಿದ ಮೇಲೆ ಮಾತ್ರ ಡಾಕ್ಟರು ತಲೆ ಅಲ್ಲಾಡಿಸಿದರು.

"ನಿಮ್ಮ ಲಿವರಲ್ಲಿ ಕೊಬ್ಬು ಜಾಸ್ತಿ ಇದೆ. ಹೀಗಿದ್ರೆ ತೆಗೆಯೋಕಾಗಲ್ಲ. ಊಟ ಹಿಡಿತದಲ್ಲಿರಲಿ, ಚೆನ್ನಾಗಿ ನಡೀರಿ, ಇಳಿಸ್ಕೊಂಡು ಬನ್ನಿ. ಹೊಸ ವರ್ಷ ಹುಟ್ಟಿದ ಮೇಲೆ ಇನ್ನೊಂದು ಸಲ ಸ್ಕ್ಯಾನ್ ಮಾಡೋಣ. ಅದಕ್ಕಿಂತ ಹೆಚ್ಚು ಕಾಯೋ ಸ್ಥಿತೀಲಿ ನಿಮ್ಮಕ್ಕ ಇಲ್ಲ."

"ನಾನು ಮದುವೆಯಾದ ದಿನದಿಂದ ಹೇಳ್ತಾನೇ ಇದ್ದೆ, ನಿಮಗೆ ಕೊಬ್ಬು ಜಾಸ್ತಿ ಅಂತ," ಎಂದಿದ್ದಳು ಅವನ ಹೆಂಡತಿ, ಆಸ್ಪತ್ರೆಯ ಹೊರಗೆ ಬಂದ ಮೇಲೆ. "ಈಗ ನೋಡಿ, ಫೋಟೋನೂ ಸಿಕ್ತು." ಹಾಗೆ ನಗಿಸಿ, ಆಮೇಲೆ ಮುಖ ಆಚೆ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಯಾವ ಮಾತಿಗೆ ಏನರ್ಥ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಂದಿನಿಂದ ಗುಂಡ ಎಣ್ಣೆ ಬಿಟ್ಟ, ಸಕ್ಕರೆ ಬಿಟ್ಟ, ಕೆಲಸದ ನಡುವೆ ಬಾಯಿಗೆ ಹಾಕಿಕೊಳ್ಳುತ್ತಿದ್ದ ಕುರುಕಲು ಬಿಟ್ಟ. ಬೆಳಗ್ಗೆ ಬೆಳಕು ಹರಿಯುವ ಮೊದಲೇ ಎದ್ದು ನಡೆದ. ಹಗಲು ತಾನು ರಿಪೇರಿ ಮಾಡುವ ಲಿಫ್ಟುಗಳಿಗೇ ಬೆನ್ನು ಹಾಕಿ ಮೆಟ್ಟಿಲು ಹತ್ತಿದ. ಮೊದಮೊದಲು ಎರಡನೇ ಮಹಡಿಗೇ ಜೀವ ಬಾಯಿಗೆ ಬರುತ್ತಿತ್ತು. ಬರಬರುತ್ತಾ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಮಾಡಿಕೊಳ್ಳುವಂತಾಯಿತು. ಹಿಡಿದ ಹಟ ಬಿಡುವವನಲ್ಲ ಎಂದು ಮನೆಯವರಿಗೂ ಕಂಪನಿಯವರಿಗೂ ಅವನ ಮೇಲೆ ಒಂದು ಗೌರವವೇ ಹುಟ್ಟಿತ್ತು.

ಅಷ್ಟರಲ್ಲಿ ರಜೆ ಶುರುವಾಯಿತು. ವರ್ಷವಿಡೀ ಒಬ್ಬರ ಮುಖ ಒಬ್ಬರು ನೋಡದವರು ಆ ದಿನಗಳಲ್ಲಿ ಒಬ್ಬರಿಗೊಬ್ಬರು ತಿನ್ನಿಸಲು ಟೊಂಕ ಕಟ್ಟಿ ನಿಲ್ಲುತ್ತಾರೆ. ಗುಂಡ ಹೋದ ಕಟ್ಟಡದಲ್ಲೆಲ್ಲ ತಟ್ಟೆ ಹಿಡಿದ ಕೈ ಒಂದು ಬಾಗಿಲಿನಿಂದ ಹೊರಗೆ ಬರುತ್ತಿತ್ತು. "ರಜೆಯಲ್ಲಿ ಬೇಡ ಅನ್ನಬಾರದು", "ಒಂದೇ ಒಂದು", "ಇಷ್ಟು ತಿಂದ್ರೆ ಏನೂ ಆಗಲ್ಲ." ಏನಾಗುತ್ತದೆ ಎಂದು ಹೇಳಹೊರಟರೆ ದೊಡ್ಡ ಕಥೆಯಾಗುತ್ತದೆ ಎಂದು ಅವನು ಹಲ್ಲುಕಿರಿದು ಜಾರಿಕೊಳ್ಳುತ್ತಿದ್ದ. ಒಂದೇ ಒಂದು ಸಲ, ಪಾಪ, ಕೈಗೆ ತುರುಕಿದ ಕೇಕನ್ನು ಮಷೀನ್ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ತಿಂದ. ತಿಂದು, ಆ ಪಾಪಕ್ಕೆ ಎರಡು ಸಲ ಮೆಟ್ಟಿಲು ಹತ್ತಿಳಿದ.

ಅದೇ ಹೊತ್ತಿಗೆ ಅಕ್ಕ ಅವನ ಮನೆಗೆ ಬಂದು ಉಳಿದಳು. ಆಸ್ಪತ್ರೆ ಹತ್ತಿರವಾಗುತ್ತದೆ ಎಂದು ಅವನೇ ಹಟ ಮಾಡಿ ಕರೆತಂದಿದ್ದ. ಬಂದವಳು ಮಂಚದ ಮೇಲೆ ಮಲಗಿ ಸೇವೆ ಮಾಡಿಸಿಕೊಳ್ಳುತ್ತಾಳೆ ಎಂದುಕೊಂಡಿದ್ದರೆ ಅದು ಅವರ ತಪ್ಪು. ಮಾರನೆಯ ದಿನವೇ ಒಲೆಯ ಮುಂದೆ ಒಂದು ಎತ್ತರದ ಸ್ಟೂಲು ಎಳೆದುಕೊಂಡು ಕೂತಳು. "ನೀವಿಬ್ರೂ ಕೆಲಸಕ್ಕೆ ಹೋಗೋರು. ನಾನು ಸಾಯೋವರೆಗೂ ಗೋಡೆ ನೋಡ್ಕೊಂಡು ಕೂತ್ಕೊಳ್ಲಾ?" ಎಂದಳು.

"ಅತ್ತಿಗೆ, ಇವರಿಗೆ ಎಣ್ಣೆ..." ಎಂದು ಗುಂಡನ ಹೆಂಡತಿ ಹೇಳಲು ಹೋದರೆ, "ಗೊತ್ತು ಕಣಮ್ಮ, ಎಣ್ಣೆ ಒಂದು ತೊಟ್ಟು ಮುಟ್ಟಲ್ಲ," ಎಂದು ಬಾಯಿ ಮುಚ್ಚಿಸಿದಳು.

ಹೀಗೆ ಒಂದೇ ಒಲೆಯ ಮೇಲೆ ಎರಡು ಪಥ್ಯ ಬೇಯತೊಡಗಿತು. ಅಕ್ಕನಿಗೆ ಉಪ್ಪಿಲ್ಲದ್ದು, ತಮ್ಮನಿಗೆ ಎಣ್ಣೆಯಿಲ್ಲದ್ದು. ಊಟದ ಮೇಜಿನಲ್ಲಿ ಇಬ್ಬರೂ ಎದುರುಬದುರು ಕೂತು ಒಬ್ಬರ ತಟ್ಟೆ ನೋಡಿ ಒಬ್ಬರು ಅಯ್ಯೋ ಪಾಪ ಎನ್ನುತ್ತಿದ್ದರು. ತಮಾಷೆಯೆಂದರೆ ಗುಂಡನ ಊಟ ದಿನದಿಂದ ದಿನಕ್ಕೆ ರುಚಿಯಾಗುತ್ತ ಹೋಯಿತು. ಅದರಲ್ಲೂ ಹೂಕೋಸಿನ ಸೂಪು. ಬೆಳ್ಳಗೆ, ಮಂದವಾಗಿ, ಗಂಟಲಲ್ಲಿ ಇಳಿದದ್ದೇ ಗೊತ್ತಾಗದ ಹಾಗೆ ಇಳಿಯುತ್ತಿತ್ತು. ಪಥ್ಯದ ಊಟ ಇಷ್ಟು ರುಚಿ ಇರಬಹುದೆಂದು ಗೊತ್ತಿದ್ದರೆ ಎಂದೋ ಶುರು ಮಾಡುತ್ತಿದ್ದೆ ಎಂದು ಅವನು ಎರಡೆರಡು ಬಟ್ಟಲು ಕುಡಿದ.

"ಸಾಕಕ್ಕ."

"ಏನು ಸಾಕು? ಬರೀ ಹೂಕೋಸು. ಕುಡಿ."

ಸಾಕು ಎಂಬ ಮಾತಿಗೆ ಅಕ್ಕನ ಕೈಯಲ್ಲಿ ಎಂದೂ ಬೆಲೆ ಇರಲಿಲ್ಲ. ಸಾಕು ಎಂದರೆ ಇನ್ನೊಂದು ಸೌಟು ಎಂದೇ ಅವಳಿಗೆ ಕೇಳಿಸುತ್ತಿತ್ತು. ಅವರಮ್ಮ ತೀರಿಕೊಂಡಾಗ ಗುಂಡ ಅಂಬೆಗಾಲಿಡುತ್ತಿದ್ದ, ಅಕ್ಕ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಅಪ್ಪ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಪತ್ತೆ ಇಲ್ಲ. ತಾಯಿಯಿಲ್ಲದ ಕೂಸು ಉಳಿಯುವುದಿಲ್ಲ ಎಂದು ಪಕ್ಕದ ಮನೆಯವರು ಪಿಸುಗುಟ್ಟಿದ್ದು ಅವಳ ಕಿವಿಗೆ ಬಿತ್ತು. ಉಳಿಸಿ ತೋರಿಸುತ್ತೇನೆ, ಬರೀ ಉಳಿಸುವುದಲ್ಲ, ಈ ಬೀದಿಗೇ ದುಂಡಗಿನ ಮಗು ಮಾಡಿ ತೋರಿಸುತ್ತೇನೆ ಎಂದು ಹಟ ತೊಟ್ಟಳು. ಶಾಲೆ ಬಿಟ್ಟು ಹೊಲಿಗೆ ಮಷೀನು ತುಳಿದಳು. ಅವಳು ಉಣ್ಣಿಸಿದ್ದು ಎಷ್ಟೆಂದರೆ ಮಗುವಿನ ನಿಜವಾದ ಹೆಸರು ಬೀದಿಯವರಿಗೆ ಮರೆತೇಹೋಗಿ, ಗುಂಡ ಎಂಬುದೇ ಗಟ್ಟಿಯಾಯಿತು. ಮದುವೆ ಯಾಕೆ ಮಾಡಿಕೊಳ್ಳಲಿಲ್ಲ ಎಂದು ಯಾರಾದರೂ ಕೇಳಿದರೆ, "ಪುರುಸೊತ್ತಾಗ್ಲಿಲ್ಲ" ಎನ್ನುತ್ತಿದ್ದಳು. ತನ್ನ ಜೀವನವನ್ನು ಅವಳು ಅದಕ್ಕಿಂತ ಹೆಚ್ಚು ಮಾತಿನಲ್ಲಿ ಹೇಳಿದವಳಲ್ಲ.

ರಜೆಯ ಎರಡನೇ ವಾರ ಗುಂಡ ತೂಕದ ಯಂತ್ರದ ಮೇಲೆ ನಿಂತವನು ಮುಳ್ಳು ನೋಡಿ ಇಳಿದ. ಮತ್ತೆ ಹತ್ತಿದ. ಚಪ್ಪಲಿ ಬಿಟ್ಟು ಹತ್ತಿದ, ಬೆಲ್ಟು ಬಿಚ್ಚಿ ಹತ್ತಿದ, ಜೇಬಿನ ಸ್ಕ್ರೂಡ್ರೈವರ್ ತೆಗೆದಿಟ್ಟು ಹತ್ತಿದ. ಮುಳ್ಳು ಹಿಂದಕ್ಕೆ ಬರಲಿಲ್ಲ. ಅಷ್ಟು ದಿನ ಬೆವರು ಸುರಿಸಿ ಇಳಿಸಿದ್ದರಲ್ಲಿ ಒಂದಷ್ಟು ಸದ್ದಿಲ್ಲದೆ ವಾಪಸು ಬಂದು ಕೂತಿತ್ತು.

"ಹೊರಗೆ ಏನು ತಿಂತಿದೀರಿ?" ಎಂದು ಹೆಂಡತಿ ಬಾಗಿಲಿಗೆ ಒರಗಿ ನಿಂತು ಕೇಳಿದಳು.

"ಏನಿಲ್ಲ."

"ನನ್ನ ಮುಖ ನೋಡಿ ಹೇಳಿ."

"ಒಂದು ತುಂಡು ಕೇಕು. ಒಂದೇ ಒಂದು. ಅದೂ ಯಾವತ್ತೋ."

"ಒಂದು ತುಂಡು ಕೇಕಿಗೆ ಇಷ್ಟು ಏರಲ್ಲ ರೀ." ಅವಳ ದನಿ ಜೋರಾಗಲಿಲ್ಲ, ಜೋರಾಗಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ. "ನಿಮ್ಮ ನಾಲಿಗೆ ಹಿಡಿತದಲ್ಲಿಲ್ಲ ಅಂದ್ರೆ ಈಗ್ಲೇ ಹೇಳಿಬಿಡಿ. ಡಾಕ್ಟರ ಹತ್ರ ಬೇರೆ ದಾರಿ ಕೇಳೋಣ. ಆದ್ರೆ ಅತ್ತಿಗೆ ಜೀವದ ಜೊತೆ ಆಟ ಆಡಬೇಡಿ."

ಗುಂಡ ಏನು ಹೇಳಿದರೂ ಸಬೂಬಿನ ಹಾಗೆ ಕೇಳುತ್ತಿತ್ತು. ನಿಜಕ್ಕೂ ತನಗೇ ತಿಳಿಯದಂತೆ ಏನಾದರೂ ತಿನ್ನುತ್ತಿದ್ದೇನೆಯೇ ಎಂದು ಅವನಿಗೇ ಅನುಮಾನ ಬಂತು. ನಡಿಗೆ ಇನ್ನೂ ಹೆಚ್ಚಿಸಿದ. ಸಂಜೆ ಕೆಲಸ ಮುಗಿಸಿ ಬಂದು ಮತ್ತೊಮ್ಮೆ ಉದ್ಯಾನದ ಸುತ್ತ ಓಡಿದ. ಓಡುತ್ತ ಓಡುತ್ತ, ತನ್ನಿಂದಾಗಿ ಅಕ್ಕ ಉಳಿಯದೆ ಹೋದರೆ ಎಂಬ ಯೋಚನೆ ಬಂದು ಕಲ್ಲುಬೆಂಚಿನ ಮೇಲೆ ಕೂತುಬಿಟ್ಟ. ನಲವತ್ತು ದಾಟಿದ ಗಂಡಸು ಅಲ್ಲಿ ಕೂತು ಅತ್ತದ್ದನ್ನು ಯಾರೂ ನೋಡಲಿಲ್ಲ, ನೋಡಿದವರು ಬೆವರೊರೆಸಿಕೊಳ್ಳುತ್ತಿದ್ದಾನೆ ಎಂದುಕೊಂಡಿರಬೇಕು.

ಮನೆಗೆ ಬಂದರೆ ಅಕ್ಕ ಸೂಪು ಬಿಸಿ ಮಾಡಿ ಕಾಯುತ್ತಿದ್ದಳು. "ಎಷ್ಟು ಸೊರಗಿದೀಯೋ. ಕುಡಿ."

ಗುಟ್ಟು ರಟ್ಟಾದದ್ದು ಒಂದು ಬೆಳಗ್ಗೆ. ನಡೆಯಲು ಹೊರಟವನು ತಣ್ಣೀರಿಗೆಂದು ಫ್ರಿಜ್ಜು ತೆಗೆದ. ಹಿಂದಿನ ದಿನದ ಸೂಪಿನ ಪಾತ್ರೆ ಎದುರಿಗೇ ಇತ್ತು, ಮುಚ್ಚಳ ಸರಿದಿತ್ತು. ಸರಿಯಾಗಿ ಮುಚ್ಚಲು ಹೋಗಿ ಒಳಗೆ ನೋಡಿದ. ಸೂಪಿನ ಮೇಲೆ ತಿಳಿಹಳದಿ ಬಣ್ಣದ ಒಂದು ಪದರ ಗಟ್ಟಿಯಾಗಿ ಕೂತಿತ್ತು. ಬೆರಳಿನಿಂದ ಒತ್ತಿದ, ಜಾರಿತು. ಎರಡು ಬೆರಳ ನಡುವೆ ಉಜ್ಜಿ ನೋಡಿದ. ಇಪ್ಪತ್ತು ವರ್ಷ ಗ್ರೀಸಿನ ಜೊತೆ ಸಂಸಾರ ಮಾಡಿದವನಿಗೆ ಜಿಡ್ಡು ಯಾವುದು, ಹೂಕೋಸು ಯಾವುದು ಎಂದು ಹೇಳಿಕೊಡಬೇಕೆ?

ಅಕ್ಕ ಆಗಲೇ ಎದ್ದಿದ್ದಳು. ಸ್ಟೂಲಿನ ಮೇಲೆ ಕೂತು, ಊದಿದ ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟುಕೊಂಡು, ಅವನ ಕೈಯಲ್ಲಿದ್ದ ಪಾತ್ರೆಯನ್ನು ನೋಡುತ್ತಿದ್ದಳು.

"ಅಕ್ಕ, ಏನಿದು?"

"ಸೂಪು."

"ಮೇಲಿರೋದು?"

"ಬೆಣ್ಣೆ."

"ಎಣ್ಣೆ ಒಂದು ತೊಟ್ಟೂ ಹಾಕಿಲ್ಲ ಅಂದಿದ್ದೆಯಲ್ಲ?"

"ಹಾಕಿಲ್ಲ. ಎಣ್ಣೆ ಕೇಳಿದ್ರಿ, ಎಣ್ಣೆಗೆ ಹೇಳ್ದೆ. ಬೆಣ್ಣೆ ಸುದ್ದಿ ನೀವ್ಯಾರೂ ಎತ್ತಲೇ ಇಲ್ಲ."

ಗುಂಡನಿಗೆ ನಗು ಬಂದುಬಿಟ್ಟಿತು. ಪಾಪ, ಹಳೇ ಅಭ್ಯಾಸ, ಅವಳ ಕೈ ಎಲ್ಲಿ ಕೇಳುತ್ತದೆ ಎಂದುಕೊಂಡ. ಪಾತ್ರೆ ಕೆಳಗಿಟ್ಟು ಅವಳ ಪಕ್ಕ ಬಂದು ನಿಂತ. "ಅಯ್ಯೋ ನನ್ನಕ್ಕ, ಬೆಣ್ಣೆನೂ ಕೊಬ್ಬೇ ಕಣೆ. ನಿನಗೆ ಗೊತ್ತಾಗ್ಲಿಲ್ಲ ಅಲ್ವಾ?"

"ಗೊತ್ತಿತ್ತು."

"ಅಂದ್ರೆ?"

"ಬೆಣ್ಣೆ, ಕೆನೆ, ಅರೆದ ಗೋಡಂಬಿ. ನಿನ್ನ ರೊಟ್ಟಿ ಹಿಟ್ಟಿಗೂ ಕೆನೆ ಹಾಕಿ ಕಲಸಿದೀನಿ. ಏನೇನು ತಿನ್ನಬಾರದು ಅಂತ ಆಸ್ಪತ್ರೇಲಿ ಆ ಪಥ್ಯದ ಹುಡುಗಿ ಹತ್ರ ಮತ್ತೆ ಮತ್ತೆ ಕೇಳಿ ಬಾಯಿಪಾಠ ಮಾಡ್ಕೊಂಡಿದ್ದು ಯಾಕೆ ಅಂದ್ಕೊಂಡೆ?"

ಆ ದಿನ ಗುಂಡನಿಗೆ ಚೆನ್ನಾಗಿ ನೆನಪಿತ್ತು. ಅಕ್ಕ ಪಥ್ಯದ ಹುಡುಗಿಯ ಕೈ ಹಿಡಿದು, ಇದು ತಿನ್ನಬಹುದಾ ಅದು ತಿನ್ನಬಹುದಾ ಎಂದು ಒಂದೊಂದೇ ಕೇಳಿದ್ದಳು. ಎಷ್ಟು ಕಾಳಜಿ ನಿಮ್ಮಕ್ಕನಿಗೆ ಎಂದು ಆ ಹುಡುಗಿ ಹೊಗಳಿದ್ದಳು. ಅವನ ಮುಖದಲ್ಲಿದ್ದ ನಗು ಅಲ್ಲೇ ಸತ್ತಿತು. ಗೋಡೆಗೆ ಕೈ ಊರಿ ನಿಂತ.

"ಯಾಕಕ್ಕ?"

ಅಕ್ಕ ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದು ಅಲ್ಲಿ ಬಿಟ್ಟಿದ್ದ ಒಂದು ದಾರವನ್ನು ಕಿತ್ತಳು.

"ಸಹಿ ಹಾಕಿಸ್ಕೊಳ್ಳೋವಾಗ ಡಾಕ್ಟರು ಏನಂದ್ರು? ಕೊಡೋರ ಜೀವಕ್ಕೂ ಅಪಾಯ ಇರುತ್ತೆ, ಕಡಿಮೆ, ಆದ್ರೆ ಇರುತ್ತೆ ಅಂದ್ರು. ನೀನು ಹೂಂ ಹೂಂ ಅಂತ ತಲೆ ಆಡಿಸ್ದೆ. ನಾನು ಪಕ್ಕದಲ್ಲೇ ಕೂತಿದ್ದೆ ಕಣೋ. ನನ್ನ ಲಿವರು ಕೆಟ್ಟಿದೆ, ಕಿವಿ ಕೆಟ್ಟಿಲ್ಲ."

"ಅದಕ್ಕೆ ನನ್ನ ದಪ್ಪ ಮಾಡಿ..."

"ಬೇಡ ಅಂದ್ರೆ ನೀನು ಕೇಳ್ತಿದ್ಯಾ? ಸ್ಕ್ಯಾನಿನಲ್ಲಿ ಆಗಲ್ಲ ಅಂತ ಅವರೇ ಹೇಳಲಿ ಅಂತ. ಆಗ ನಿನಗೂ ತಪ್ಪು ಮಾಡಿದೆ ಅನ್ನಿಸಲ್ಲ."

"ಅನ್ನಿಸಲ್ವಾ? ಹೋದ ವಾರದಿಂದ ನಾನು ಏನು ಅನುಭವಿಸಿದೀನಿ ಗೊತ್ತಾ ನಿನಗೆ? ನನ್ನ ನಾಲಿಗೆ ಚಪಲಕ್ಕೆ ನಮ್ಮಕ್ಕನ್ನ ಕೊಂದುಬಿಡ್ತೀನಿ ಅಂತ ನಾನು..."

ಅಕ್ಕ ತಲೆಯೆತ್ತಿದಳು. ಇದು ಅವಳ ಲೆಕ್ಕದಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಆ ಹಳದಿ ಕಣ್ಣುಗಳಲ್ಲಿ ನೀರು ತುಂಬಿತು. ಅವನ ಅಂಗಿಯ ತುದಿ ಹಿಡಿದು ಹತ್ತಿರ ಎಳೆದುಕೊಂಡಳು.

"ನಿನ್ನ ಹೊಟ್ಟೆ ಕೊಯ್ಯಿಸೋಕಾ ನಾನು ನಿನ್ನ ಸಾಕಿದ್ದು? ಟೇಬಲ್ ಮೇಲೆ ನಿನಗೇನಾದ್ರೂ ಆಗಿ, ನಾನು ಕಣ್ಣು ಬಿಟ್ರೆ? ಆಮೇಲೆ ಆ ಜೀವ ಇಟ್ಕೊಂಡು ಏನು ಮಾಡ್ಲಿ ಹೇಳು. ನಿನ್ನ ಹೆಂಡ್ತಿ ಮುಖ ಹೇಗೆ ನೋಡ್ಲಿ?"

"ಏನೂ ಆಗಲ್ಲ ಅಕ್ಕ. ತಿರುಗಿ ಬೆಳೆಯುತ್ತೆ ಅಂದಿದಾರೆ."

"ನಾನು ಜೀವಮಾನ ಪೂರ್ತಿ ಕತ್ತರಿ ಹಿಡಿದೋಳು. ಕತ್ತರಿಸಿದ್ದು ಬೆಳೆದಿದ್ದು ಒಂದಿನಾನೂ ನೋಡಿಲ್ಲ."

"ಅದು ಬಟ್ಟೆ. ಉಗುರು ಕತ್ತರಿಸಿದ್ರೆ ಬೆಳೆಯಲ್ವಾ? ವಾರವಾರ ಕೂರಿಸ್ಕೊಂಡು ಕತ್ತರಿಸ್ತಿದ್ದೆಯಲ್ಲ, ಮತ್ತೆ ಬಂದಿಲ್ವಾ ನೋಡು." ಎಂದು ಗ್ರೀಸು ಮೆತ್ತಿದ ಉಗುರುಗಳನ್ನು ಅವಳ ಮೂಗಿನ ಮುಂದೆ ಹಿಡಿದ.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಗು, ಅಳು, ಕೆಮ್ಮು ಮೂರೂ ಒಟ್ಟಿಗೆ ಬಂದವು. "ಲಿವರು ಉಗುರಾ ಲೋ ಪೆದ್ದ?" ಎಂದಳು.

"ನೋಡು, ನೀನು ತಿನ್ನಿಸಿದ್ರೆ ನಾನು ಇವತ್ತಿಂದ ತಿನ್ನೋದೇ ಇಲ್ಲ. ಉಪವಾಸ ಕೂರ್ತೀನಿ."

"ಕೂರ್ತೀಯ, ಕೂರ್ತೀಯ. ಉಪವಾಸ ಕೂತ್ರೆ ಬೇಗ ಇಳಿಯುತ್ತೆ, ಅದೂ ನಿನಗೇ ಲಾಭ."

ಬಡಿಸಿದರೂ ಕಷ್ಟ, ಬಿಟ್ಟರೂ ಕಷ್ಟ. ಇಷ್ಟು ವರ್ಷ ಊಟವೊಂದನ್ನೇ ಅಸ್ತ್ರ ಮಾಡಿಕೊಂಡು ಮನೆ ಆಳಿದವಳಿಗೆ ಮೊದಲ ಸಲ ಅದು ಕೈಗೆ ಬಾರದಾಯಿತು. ಗುಂಡ ನೆಲದ ಮೇಲೆ ಅವಳ ಕಾಲ ಬಳಿ ಕೂತ. ಊದಿದ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು ಮೆಲ್ಲಗೆ ಒತ್ತತೊಡಗಿದ. ಅವನು ಒತ್ತಿದಲ್ಲೆಲ್ಲ ಹೆಬ್ಬೆರಳಿನ ಗುಂಡಿ ಹಾಗೇ ಉಳಿಯುತ್ತಿತ್ತು.

"ಅಕ್ಕ," ಎಂದ ತಲೆಯೆತ್ತದೆ. "ನೀನು ಸಾಕಿದ್ದು ಸಾಕು. ಇನ್ನು ನಾನು ಸಾಕ್ತೀನಿ."

ಜೀವನದಲ್ಲಿ ಅವಳ ಎದುರಿಗೆ ಸಾವಿರ ಸಲ ಸಾಕು ಎಂದಿದ್ದ. ತಟ್ಟೆಯ ಮುಂದೆ ಹೇಳಿದ ಆ ಸಾಕುಗಳಲ್ಲಿ ಒಂದನ್ನೂ ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಈ ಸಲ ಕೇಳಿಸಿತು. ಕೇಳಿಸಿದ್ದು ಅವಳ ಮುಖದಲ್ಲಿ ಕಂಡಿತು. ಆದರೆ ಅವಳು ಆಯಿತು ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಕಾಲು ಎಳೆದುಕೊಂಡು, ಗೋಡೆ ಹಿಡಿದು ಎದ್ದು ಕೋಣೆಗೆ ಹೋಗಿ ಮಲಗಿದಳು.

ಆ ದಿನದಿಂದ ಅಡುಗೆಮನೆ ಗುಂಡನ ಹೆಂಡತಿಯ ಕೈಗೆ ಬಂತು. ನಡೆದದ್ದನ್ನೆಲ್ಲ ಗುಂಡ ಅವಳಿಗೆ ಹೇಳಿದ. "ನಿಮ್ಮ ಮೇಲೆ ಅನುಮಾನ ಪಟ್ಟೆ," ಎಂದಳು. ಅತ್ತಿಗೆ ಫ್ರಿಜ್ಜಿನ ಮೂಲೆಯಲ್ಲಿ ಅಡಗಿಸಿಟ್ಟಿದ್ದ ಬೆಣ್ಣೆ ಕೆನೆಯನ್ನೆಲ್ಲ ಚೀಲಕ್ಕೆ ತುಂಬಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ಯಾರಿಗೋ ಕೊಟ್ಟು ಬಂದಳು. ಸೂಪು ಮತ್ತೆ ನೀರುನೀರಾಯಿತು. ಅದನ್ನು ಕುಡಿಯುವಾಗ ಗುಂಡನ ಮುಖ ನೋಡಿ ಅಕ್ಕ ಬೇರೆ ಕಡೆ ತಿರುಗುತ್ತಿದ್ದಳು. ಬೆಳಗ್ಗೆ ಅವನು ನಡೆಯಲು ಹೊರಟಾಗ ಬಾಲ್ಕನಿಗೆ ಬಂದು ನಿಲ್ಲುತ್ತಿದ್ದಳು. ಅವನು ಕೆಳಗಿನಿಂದ ಕೈ ಬೀಸಿದರೆ ಬಟ್ಟೆ ಒಣಗಿದೆಯೇ ಎಂದು ಮುಟ್ಟಿ ನೋಡುವವಳಂತೆ ನಟಿಸುತ್ತಿದ್ದಳು. ತಂತಿಯ ಮೇಲೆ ಒಂದು ಬಟ್ಟೆಯೂ ಇರುತ್ತಿರಲಿಲ್ಲ.

ಅವಳು ಒಪ್ಪದಿದ್ದರೆ ಆಸ್ಪತ್ರೆಯವರು ಕತ್ತಿ ಹಿಡಿಯುವುದಿಲ್ಲ. ತನ್ನ ಕೊಬ್ಬು ಇಳಿದರೂ ಅವಳ ಹಟ ಇಳಿಯದಿದ್ದರೆ ಏನು ಗತಿ ಎಂಬುದೇ ಗುಂಡನ ತಲೆಯಲ್ಲಿ ಕೊರೆಯುತ್ತಿತ್ತು. ಕೇಳಲು ಬಾಯಿ ಬರಲಿಲ್ಲ. ಮೆಟ್ಟಿಲು ಹತ್ತುತ್ತಲೇ ಇದ್ದ. ಯಾರಾದರೂ ಲಿಫ್ಟು ಕೆಟ್ಟಿದೆಯಾ ಎಂದರೆ ಈಗ ಏದುಸಿರು ಬಿಡದೆ ಉತ್ತರ ಕೊಡಲು ಬರುತ್ತಿತ್ತು.

ವರ್ಷದ ಕೊನೆಯ ದಿನ ಮಧ್ಯಾಹ್ನ ಅತ್ತೆಯ ಮನೆಯಲ್ಲಿ ಊಟ. ಅಪ್ಪನ ತಂಗಿ ಅತ್ತೆ, ಮನೆತನಕ್ಕೆ ಉಳಿದ ಒಬ್ಬರೇ ಹಿರಿಯರು. ಪ್ರತಿ ವರ್ಷ ಆ ದಿನ ಎಲ್ಲರೂ ಅವರಲ್ಲಿ ಸೇರಲೇಬೇಕು, ಬರದವರ ಹೆಸರು ಮುಂದಿನ ವರ್ಷದವರೆಗೂ ಕೆಟ್ಟಿರುತ್ತಿತ್ತು. ಅಕ್ಕನಿಗೆ ಮೈ ಸರಿಯಿಲ್ಲ ಎಂಬುದಷ್ಟೇ ಅವರಿಗೆ ಗೊತ್ತು. ಲಿವರಿನ ಮಾತು ಯಾರಿಗೂ ಹೇಳಕೂಡದು ಎಂದು ಅಕ್ಕ ಮೊದಲೇ ಕಟ್ಟಪ್ಪಣೆ ಮಾಡಿದ್ದಳು. ಅವಳು ಬರುವುದಿಲ್ಲ ಎನ್ನಬಹುದು ಎಂದು ಗುಂಡ ಎಣಿಸಿದ್ದ. ಅವಳೇ ಎಲ್ಲರಿಗಿಂತ ಮೊದಲು ತಯಾರಾಗಿ, ತಾನೇ ಹೊಲಿದ ರವಿಕೆ ತೊಟ್ಟು ಬಾಗಿಲಲ್ಲಿ ಕೂತಿದ್ದಳು. ರವಿಕೆಯ ತೋಳು ಸಡಿಲವಾಗಿ ಜೋಲುತ್ತಿತ್ತು.

ಅತ್ತೆಯ ಮನೆಯ ಹಜಾರದಲ್ಲಿ ಉದ್ದಕ್ಕೂ ಮೇಜು ಜೋಡಿಸಿದ್ದರು. ಕುರ್ಚಿ ಸಾಲದೆ ಹಾಸಿಗೆಯ ಪೆಟ್ಟಿಗೆ, ಸ್ಟೂಲು, ತಲೆಕೆಳಗು ಮಾಡಿದ ಡಬ್ಬ ಎಲ್ಲದರ ಮೇಲೂ ಜನ. ಮಾತು, ನಗು, ಪಾತ್ರೆಗಳ ಸದ್ದು. ಅಕ್ಕ ತಮ್ಮನ ಬಲಪಕ್ಕದಲ್ಲಿ ಕೂತಳು. ಗುಂಡ ತಟ್ಟೆಗೆ ಸೌತೆಕಾಯಿ, ಬೇಯಿಸಿದ ಕಾಳು, ಒಂದು ಹಿಡಿ ಅನ್ನ ಹಾಕಿಕೊಂಡು ಅದನ್ನೇ ಅತ್ತ ಇತ್ತ ಸರಿಸುತ್ತ, ಬಹಳ ಇದೆ ಎಂದು ಕಾಣುವಂತೆ ಹರಡಿಟ್ಟ. ಎಷ್ಟು ಹರಡಿದರೂ ಅತ್ತೆಯ ಕಣ್ಣಿಗೆ ಮಣ್ಣೆರಚುವುದು ಸಾಧ್ಯವಿರಲಿಲ್ಲ.

"ಏನೋ ಇದು, ಮೊಲದ ಊಟ?" ಅತ್ತೆ ಒಂದು ಕೈಯಲ್ಲಿ ಬಿಸಿ ಪಾತ್ರೆ, ಇನ್ನೊಂದರಲ್ಲಿ ಸೌಟು ಹಿಡಿದು ಅವನ ಹಿಂದೆ ಬಂದು ನಿಂತರು. ಪಾತ್ರೆಯಲ್ಲಿ ಸಕ್ಕರೆ ಪಾಕದಲ್ಲಿ ತೇಲುವ ಸಿಹಿ, ಈಗಷ್ಟೇ ಒಲೆಯಿಂದ ಇಳಿದದ್ದು. "ಮುಖ ನೋಡು, ಹೇಗೆ ಬತ್ತಿಹೋಗಿದೆ. ಹೆಂಡ್ತಿ ಊಟ ಹಾಕ್ತಿಲ್ವಾ?"

"ಬೇಡ ಅತ್ತೆ, ನಿಜವಾಗ್ಲೂ ಬೇಡ."

"ವರ್ಷಕ್ಕೊಂದು ಸಲ ಬಡಿಸ್ತೀನಿ. ಮುಂದಿನ ವರ್ಷ ನಾನಿರ್ತೀನೋ ಇಲ್ವೋ."

ಈ ಮಾತಿಗೆ ಆ ಮನೆಯಲ್ಲಿ ಎಲ್ಲರೂ ತಟ್ಟೆ ಮುಂದೊಡ್ಡುತ್ತಿದ್ದರು. ಎದುರಿಗೆ ಕೂತಿದ್ದ ಗುಂಡನ ಹೆಂಡತಿ ಅರ್ಧ ಎದ್ದಳು. ಅಷ್ಟರಲ್ಲಿ ಸೌಟು ತಟ್ಟೆಯ ಮೇಲೆ ಬಂದು ಬಾಗಿತ್ತು.

ಅಕ್ಕ ಕೈ ಚಾಚಿ ಗುಂಡನ ತಟ್ಟೆಯ ಮೇಲೆ ಅಂಗೈ ಹರಡಿದಳು. ಬಿಸಿ ಪಾಕ ಅವಳ ಕೈಯ ಹಿಂಭಾಗಕ್ಕೆ ಬಿತ್ತು.

"ಅಯ್ಯೋ, ಅಯ್ಯೋ, ಕೈ ತೆಗೆಯೇ! ಸುಡುತ್ತೆ!" ಎಂದು ಅತ್ತೆ ಕೂಗಿದರು. ಮೇಜಿನ ಉದ್ದಕ್ಕೂ ಮಾತು ನಿಂತಿತು. "ನಿನಗೇನಾಯ್ತೇ? ಊಟ ಮಾಡೋನನ್ನ ನೀನು ತಡೆಯೋದಾ? ನೀನಾ?"

"ಅವನಿಗೆ ಹಾಕಬೇಡಿ ಅತ್ತೆ," ಎಂದಳು ಅಕ್ಕ. ದನಿ ಸಣ್ಣಗಿತ್ತು, ಆದರೆ ಹಜಾರದ ಆ ತುದಿಗೂ ಕೇಳಿಸಿತು. "ಅವನ ಹೊಟ್ಟೇಲಿರೋದು ನಂದು. ಕೆಡಿಸಬೇಡಿ."

ಅತ್ತೆಗೆ ಏನೊಂದೂ ಅರ್ಥವಾಗಲಿಲ್ಲ. ಸೌಟು ಹಿಡಿದು ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತರು. ಗುಂಡನ ಹೆಂಡತಿ ತಣ್ಣೀರು ತರಲು ಓಡಿದಳು. ಗುಂಡ ಅಕ್ಕನ ಮಣಿಕಟ್ಟು ಹಿಡಿದು ಎತ್ತಲು ನೋಡಿದ, ಅವಳು ಬಿಡಲಿಲ್ಲ. ಪಾಕ ಅವಳ ತೆಳ್ಳಗಿನ ಬೆರಳುಗಳ ಸಂದಿಯಿಂದ ತಟ್ಟೆಯತ್ತ ಇಳಿಯತೊಡಗಿದಾಗ, ಅಕ್ಕ ಬೆರಳುಗಳನ್ನು ಒಂದಕ್ಕೊಂದು ಒತ್ತಿ ಕೂಡಿಸಿಕೊಂಡಳು.